ಬದುಕಬೇಕಾದ ಸಾಲು

ಮೂಗು ಕಟ್ಟಿದ್ದು ನವರಾತ್ರಿಯಲ್ಲಿ. ದೀಪಾವಳಿ ಹತ್ತಿರ ಬಂದರೂ ಬಿಟ್ಟಿರಲಿಲ್ಲ. ಫೋಂಡಾದಿಂದ ಪಣಜಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತ ಅಂಬಿಕಾಳಿಗೆ ಪಕ್ಕದ ಹೆಂಗಸಿನ ಬುಟ್ಟಿಯಲ್ಲಿರುವುದು ಮೀನೋ ಮಲ್ಲಿಗೆಯೋ ತಿಳಿಯುತ್ತಿರಲಿಲ್ಲ. ಬಾಯಿಯಿಂದ ಉಸಿರಾಡುವವರ ಮುಖಕ್ಕೆ ತಾನಾಗಿಯೇ ಒಂದು ಪೆದ್ದು ಕಳೆ ಬಂದುಬಿಡುತ್ತದೆ. ಗಾಜಿನಲ್ಲಿ ತನ್ನ ಆ ಮುಖವನ್ನು ನೋಡಿಕೊಂಡು, ಇರಲಿ, ಇವತ್ತಿಗೆ ಇದೇ ಸರಿಯಾದ ಮುಖ ಎಂದುಕೊಂಡಳು. ಇವತ್ತು ಊಟಕ್ಕೆ ಮೊದಲು ಲ್ಯಾಬಿನಲ್ಲಿ ಗೈಡ್ ಸುಲಕ್ಷಾ ಮ್ಯಾಡಮ್ಮಿಗೆ ಯೀಸ್ಟಿನ ಪ್ಲೇಟುಗಳನ್ನು ತೋರಿಸಬೇಕಾಗಿತ್ತು. ತೋರಿಸಲು ಪ್ಲೇಟುಗಳೇನೋ ಇದ್ದವು, ಪ್ಲೇಟುಗಳಲ್ಲಿ ಏನೂ ಇರಲಿಲ್ಲ. ನಿನ್ನೆ ಸಂಜೆ ಇಣುಕಿ ನೋಡಿದ್ದಳು. ಸಾಯಬೇಕಾದ ಸಾಲು ಸತ್ತಿತ್ತು. ಅದು ಸರಿ, ಅದಕ್ಕೇ ಅಲ್ಲವೇ ಇಷ್ಟು ವರ್ಷದ ಪಾಡು. ಆದರೆ ಬದುಕಬೇಕಾದ ಸಾಲೂ ಸತ್ತಿತ್ತು. ಆ ಸಾಲು ಸಾಯುವುದಕ್ಕೆ ಯಾವ ಕಾರಣವೂ ಇರಲಿಲ್ಲ, ಮಾಡಿದವಳ ಕೈಯೊಂದನ್ನು ಬಿಟ್ಟರೆ.

ಅವಳ ಕೆಲಸ ವಿವರಿಸಲು ಕಷ್ಟದ್ದೇನಲ್ಲ, ಕೇಳುವವರಿಗೆ ತಾಳ್ಮೆ ಇದ್ದರೆ. ಕೆಪೆ ಕಡೆಯ ಹೊಲವೊಂದರಲ್ಲಿ ಮೆಣಸಿನ ಗಿಡಗಳಿಗೆ ಮುಟುರು ರೋಗ ಬಂದು ಎಲೆಗಳೆಲ್ಲ ಮುಷ್ಟಿ ಹಿಡಿದಂತೆ ಮುದುಡಿಕೊಂಡಿದ್ದವು. ಆ ರೋಗ ತರುವ ವೈರಸ್ಸಿಗೆ ಇರುವುದೇ ನಾಲ್ಕಾರು ಪ್ರೋಟೀನು. ಅವುಗಳಲ್ಲಿ ಒಂದು, ತಾನು ಹೊಕ್ಕ ಜೀವಕೋಶವನ್ನು ಸಾಯಲು ಒಪ್ಪಿಸುತ್ತದೆ ಎಂಬುದು ಮ್ಯಾಡಮ್ಮಿನ ಅನುಮಾನ. ಹೊಡೆದು ಕೊಲ್ಲುವುದಲ್ಲ, ಕೋಶ ತನ್ನ ಮನೆಯನ್ನು ತಾನೇ ಬಿಚ್ಚಿ ಹಾಕುವಂತೆ ಮಾಡುವುದು. ಗಿಡದಲ್ಲಿ ಇದನ್ನು ನೋಡಲು ಹೋದರೆ ನೂರು ಗೊಂದಲ. ಬಿಸಿಲು, ಮಣ್ಣು, ಬಿಳಿನೊಣ, ಉಳಿದ ಪ್ರೋಟೀನುಗಳ ಕಿತಾಪತಿ. ಅದಕ್ಕೇ ಆ ಒಂದೇ ಪ್ರೋಟೀನಿನ ಜೀನನ್ನು ಯೀಸ್ಟಿನೊಳಗೆ ಸೇರಿಸಿ ನೋಡುವುದು. ಯೀಸ್ಟ್ ಅಂದರೆ ಬೇರೆ ಏನಲ್ಲ, ಬೆಳಗಾದರೆ ಸೈಕಲ್ ಹಾರ್ನು ಒತ್ತಿಕೊಂಡು ಬರುವ, ಬ್ರೆಡ್ಡು ಮಾರುವ ಪೊದೇರನ ಪಾವಿನ ಹಿಟ್ಟನ್ನು ಉಬ್ಬಿಸುವ ಅದೇ ಜೀವ. ಗ್ಲೂಕೋಸ್ ಕೊಟ್ಟರೆ ಒಳಗಿನ ಜೀನು ಮಲಗಿರುತ್ತದೆ, ಗ್ಯಾಲಕ್ಟೋಸ್ ಎಂಬ ಬೇರೆ ಸಕ್ಕರೆ ಕೊಟ್ಟರೆ ಏಳುತ್ತದೆ. ಎದ್ದ ಮೇಲೆ ಯೀಸ್ಟ್ ಸಾಯುತ್ತದೋ ಇಲ್ಲವೋ, ಇಷ್ಟೇ ಪ್ರಶ್ನೆ. ಪಕ್ಕದಲ್ಲಿ ಇನ್ನೊಂದು ಸಾಲು ಇಡಬೇಕು: ಅದೇ ಯೀಸ್ಟ್, ಅದೇ ಸಕ್ಕರೆ, ವೈರಸ್ಸಿನ ಜೀನು ಮಾತ್ರ ಇಲ್ಲ. ಅದು ಬೆಳೆದು ಕೆನೆಬಣ್ಣದ ಬೊಟ್ಟುಗಳಾಗಿ ನಿಲ್ಲಬೇಕು. 'ಬದುಕಬೇಕಾದ್ದು ಬದುಕಿದರೆ ಮಾತ್ರ ಸತ್ತದ್ದಕ್ಕೆ ಅರ್ಥ' ಎಂದು ಸುಲಕ್ಷಾ ಮ್ಯಾಡಮ್ ಮೊದಲ ದಿನವೇ ಹೇಳಿದ್ದರು. ಅವತ್ತು ಅದು ಬರೆದಿಟ್ಟುಕೊಳ್ಳುವಂಥ ಚಂದದ ಮಾತಾಗಿ ಕೇಳಿಸಿತ್ತು, ಈಗ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು.

ಅವ್ವ ಫಕೀರವ್ವನಿಗೆ ಇಷ್ಟೆಲ್ಲ ಹೇಳಲು ಅಂಬಿಕಾಳಿಗೆ ಪುರಸೊತ್ತು ಇರಲಿಲ್ಲ. ಖರೇ ಹೇಳಬೇಕೆಂದರೆ ಮನಸ್ಸಿರಲಿಲ್ಲ. ಒಂದು ಸಂಜೆ ರೊಟ್ಟಿ ಬಡಿಯುತ್ತ ಅವ್ವ ಕೇಳಿದ್ದಳು, "ದಿನಾ ಹೋಗತಿ, ಬರತಿ. ಅಲ್ಲಿ ಏನ ಮಾಡತೀಯಬೇ ನೀ?" ಅಂಬಿಕಾ ಓದುತ್ತಿದ್ದ ಹಾಳೆಯಿಂದ ಕಣ್ಣೆತ್ತದೆ, "ಸಣ್ಣ ಸಣ್ಣ ಜೀವ ಇರತಾವು ಯವ್ವ, ಕಣ್ಣಿಗೆ ಕಾಣದಂಥವು. ಅವು ಸಾಯತಾವೇನು ನೋಡತೀನಿ. ಸತ್ತರ ನನ್ನ ಕೆಲಸ ಗೆದ್ದಂಗ," ಎಂದಿದ್ದಳು. ಅವ್ವ ತಲೆಯಾಡಿಸಿ ಸುಮ್ಮನಾಗಿದ್ದಳು. ಮಾತು ಅಲ್ಲಿಗೆ ಮುಗಿಯಿತೆಂದು ಅಂಬಿಕಾ ತಿಳಿದಿದ್ದಳು. ಅವ್ವನ ಬಾಯಲ್ಲಿ ನಿಂತ ಮಾತು ಅವ್ವನೊಳಗೂ ನಿಂತುಬಿಡುತ್ತದೆ ಎಂದು ಮಕ್ಕಳು ಯಾಕೆ ನಂಬುತ್ತಾರೋ.

ಮೊದಲ ಎರಡು ಸಲ ಎಲ್ಲ ಸರಿಯಾಗಿಯೇ ಬಂದಿತ್ತು. ಮಳೆಗಾಲದಲ್ಲಿ ಒಮ್ಮೆ, ಚೌತಿಯ ಹೊತ್ತಿಗೆ ಇನ್ನೊಮ್ಮೆ, ಮೇಲಿನ ಸಾಲು ತುಂಬಿ ನಿಂತಿತ್ತು, ಕೆಳಗಿನ ಸಾಲು ಖಾಲಿ. ಮ್ಯಾಡಮ್ ಕನ್ನಡಕವನ್ನು ಹಣೆಗೇರಿಸಿ ಬಹಳ ಹೊತ್ತು ನೋಡಿ, ಮೂರನೆಯ ಸಲವೂ ಹೀಗೇ ಬಂದರೆ ಬರೆಯಲು ಶುರುಮಾಡೋಣ ಎಂದಿದ್ದರು. ಆ ಮೂರನೆಯ ಸಲವೇ ಬರಲೊಲ್ಲದು. ನವರಾತ್ರಿಯ ನಂತರ ಹಾಕಿದ ಪ್ಲೇಟುಗಳೆಲ್ಲ ಬೋಳು. ನೀರು ಬದಲಿಸಿದಳು, ಸಕ್ಕರೆಯ ಹೊಸ ಬಾಟಲಿ ಒಡೆದಳು, ಲ್ಯಾಬಿನ ಜೊತೆಗಾತಿ ಬ್ರಿಜಿಟ್‌ಳ ಪಿಪೆಟ್ಟು ಕೇಳಿ ತಂದಳು. ಹೊರಗಿನ ಫ್ಲಾಸ್ಕಿನಲ್ಲಿ ಯೀಸ್ಟ್ ಮೊಸರಿನಂತೆ ಬೆಳೆಯುತ್ತಿತ್ತು. ಪ್ಲೇಟಿಗಿಳಿಸಿ ಇನ್‌ಕ್ಯುಬೇಟರಿನ ಬೆಚ್ಚನೆಯ ಪೆಟ್ಟಿಗೆಯೊಳಗೆ ಇಟ್ಟರೆ ಎಲ್ಲ ಸಾಯುತ್ತಿತ್ತು. ಬದುಕಬೇಕಾದ್ದು ಹೀಗೆ ನನಗೆ ತಿಳಿಯದ ಕಾರಣಕ್ಕೆ ಸಾಯುವುದಾದರೆ, ಮಳೆಗಾಲದಲ್ಲಿ ಕೆಳಗಿನ ಸಾಲು ಸತ್ತದ್ದು ಪ್ರೋಟೀನಿನಿಂದಲೇ ಎಂದು ಯಾವ ಬಾಯಿಂದ ಹೇಳಲಿ? ಈ ಪ್ರಶ್ನೆ ಒಮ್ಮೆ ಒಳಹೊಕ್ಕ ಮೇಲೆ ಅವಳಿಗೆ ನಿದ್ದೆ ಹಗುರವಾಯಿತು. ಚೀಲದ ತಳದಲ್ಲಿ ಪೆನ್ ಡ್ರೈವ್ ಇತ್ತು, ಅದರಲ್ಲಿ ಚೌತಿಯ ಪ್ಲೇಟುಗಳ ಫೋಟೋ ಇದ್ದವು. ಒಂದನ್ನು ಅಡ್ಡ ತಿರುಗಿಸಿ, ಅಂಚು ಕತ್ತರಿಸಿ, ಇದೇ ಮೂರನೆಯ ಸಲದ್ದು ಎಂದರೆ ಮ್ಯಾಡಮ್ ನಂಬುತ್ತಾರೆ. ಪ್ಲೇಟುಗಳನ್ನು ಅಟೆಂಡರ್ ಕೇಶಪ್ಪ ತೊಳೆಯಲು ಒಯ್ದುಬಿಟ್ಟ ಎಂದರೂ ನಂಬುತ್ತಾರೆ. ನಂಬುವವರಿಗೇ ಸುಳ್ಳು ಹೇಳುವುದು ಇಷ್ಟು ಸಲೀಸಲ್ಲ ಎಂದು ಅವಳ ಎದೆ ಹೇಳುತ್ತಿತ್ತು, ಆದರೂ ಬಸ್ಸು ಕುಲುಕಿದಾಗಲೆಲ್ಲ ಕೈ ಚೀಲದ ತಳವನ್ನು ಮುಟ್ಟಿ ನೋಡುತ್ತಿತ್ತು.

ಬಸ್ಸು ನಾಕಾ ದಾಟಿತು. ಬೆಳಗಿನ ಹೊತ್ತು ಕೂಲಿಗೆ ಜನ ನಿಲ್ಲುವ ಜಾಗ ಅದು. ಸಲಿಕೆ, ಪ್ಲಾಸ್ಟಿಕ್ ಬುಟ್ಟಿ, ಊಟದ ಡಬ್ಬಿ ಹಿಡಿದು ಗದಗ, ಕೊಪ್ಪಳ, ಬಾಗಲಕೋಟೆಯ ಕಡೆಯವರು ಠೇಕೇದಾರನ ಟೆಂಪೋಕ್ಕೆ ಕಾಯುತ್ತಿರುತ್ತಾರೆ. ಅಂಬಿಕಾ ಅಭ್ಯಾಸದಿಂದ ಆ ಕಡೆ ನೋಡಲಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ, ಫೋಂಡಾದಲ್ಲಿ ನೆಂಟರ ಮನೆಯಲ್ಲಿ ಉಳಿದಿದ್ದ ಬ್ರಿಜಿಟ್ ಇದೇ ಬಸ್ಸಿನಲ್ಲಿ ಪಕ್ಕ ಕೂತಿದ್ದಳು. ಲಾರಿಯೊಂದು ಅಡ್ಡ ನಿಂತು ಬಸ್ಸು ಇಲ್ಲೇ ನಿಂತಿತ್ತು. ಗುಂಪಿನಲ್ಲಿ ಅಪ್ಪ ಪರಮಣ್ಣ ಇದ್ದ. ಗೌಂಡಿ ಕೆಲಸದವನು, ಹೆಗಲಿಗೆ ಚೀಲ, ಚೀಲದಿಂದ ಗಾರೆ ಮೆತ್ತುವ ಥಾಪಿಯ ಹಿಡಿಕೆ ಹೊರಗೆ. ಅವನು ಮಗಳನ್ನು ನೋಡಿದ, ಪಕ್ಕದಲ್ಲಿ ನಗುತ್ತಿದ್ದ ಹುಡುಗಿಯನ್ನೂ ನೋಡಿದ, ಮತ್ತೆ ನಿಧಾನವಾಗಿ ಬೆನ್ನು ತಿರುಗಿಸಿ ಯಾರ ಹತ್ತಿರವೋ ತಂಬಾಕು ಕೇಳತೊಡಗಿದ. ಅವನೇ ತಿರುಗಿದ. ಅವಳಿಗೆ ತಿರುಗುವ ಕೆಲಸವನ್ನು ಉಳಿಸಲೆಂದೇ ತಿರುಗಿದ. ಆ ಬೆನ್ನು, ಸಿಮೆಂಟಿನ ಬಿಳಿ ಕಲೆಗಳಿದ್ದ ಆ ನೀಲಿ ಅಂಗಿ, ಆಮೇಲೆ ಎಷ್ಟು ಸಲ ಕಣ್ಣ ಮುಂದೆ ಬಂತೋ. ಮನೆಯಲ್ಲಿ ಇಬ್ಬರೂ ಅದರ ಮಾತೆತ್ತಲಿಲ್ಲ.

ಅದೇ ಥಾಪಿಗೆ ಈ ನವರಾತ್ರಿಯ ಖಂಡೇನವಮಿಯ ದಿನ ಪೂಜೆ. ಊರಲ್ಲಿ ಹೇಗೋ ಹಾಗೆಯೇ ಫೋಂಡಾ ಹತ್ತಿರದ ಖಾಂಡೆಪಾರದ ಬಾಡಿಗೆ ಕೋಣೆಯಲ್ಲೂ ಅವ್ವ ಒಂದು ಮೂಲೆ ಸಾರಿಸಿ ಥಾಪಿ, ತೂಗುಗುಂಡು, ಸಲಿಕೆ, ಕುಡಗೋಲು ಎಲ್ಲವನ್ನೂ ತೊಳೆದು ಇಟ್ಟು ಅರಿಶಿನದ ಭಂಡಾರ ಹಚ್ಚಿದ್ದಳು. ಕೊನೆಗೆ ಮಗಳ ಕಡೆ ತಿರುಗಿ, "ನಿಮ್ಮಪ್ಪನ ಹತ್ಯಾರಕ್ಕ ಆತು, ನನ್ನ ಹತ್ಯಾರಕ್ಕ ಆತು. ನಿನ್ನ ಹತ್ಯಾರ ಎಲ್ಲಿ?" ಎಂದಳು.

"ನನ್ನವು ಲ್ಯಾಬಿನಾಗ ಅದಾವಬೇ."

"ಹಂಗಾರ ಇದನ್ನ ಒಯ್ದು ಅದರೊಳಗ ಇಡು. ಮ್ಯಾಲ ಅಲ್ಲ, ಒಳಗ. ನಿನ್ನ ಆ ಜೀವ ಎಲ್ಲಿ ಇಡತಿಯೋ ಅಲ್ಲಿ." ಹಳೆ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡಿನಲ್ಲಿ ಕಟ್ಟಿದ ಮುಷ್ಟಿಗಾತ್ರದ ಗಂಟು. ಎಲ್ಲಮ್ಮನ ಭಂಡಾರ, ಕರ್ಪೂರ, ಒಂದು ಅಡಿಕೆ. ಬೇಡ ಎನ್ನಲು ಬಾಯಿ ಬರಲಿಲ್ಲ. ಇಟ್ಟೆ ಎಂದು ಅವ್ವನಿಗೆ ಸುಳ್ಳು ಹೇಳಲೂ ಅವಳಿಂದ ಆಗದು, ಅವ್ವ ಮುಖ ನೋಡಿದರೆ ಸಾಕು, ಹಿಡಿಯುತ್ತಾಳೆ. ಅವತ್ತು ಲ್ಯಾಬಿನಲ್ಲಿ ಅಟೆಂಡರ್ ಕೇಶಪ್ಪ ಎಲ್ಲ ಯಂತ್ರಗಳ ನೆತ್ತಿಗೆ ಒಂದೊಂದು ಚೆಂಡುಹೂ ಇಟ್ಟು ಕುಂಕುಮ ಹಚ್ಚಿದ್ದ. ಹೊರಗಡೆ ಅಷ್ಟಕ್ಕೆ ಮ್ಯಾಡಮ್ಮಿನ ಅನುಮತಿ ಇತ್ತು. ಅಂಬಿಕಾ ಯಾರೂ ಇಲ್ಲದ ಹೊತ್ತು ನೋಡಿ ಕಾರಿಡಾರಿನ ಕೊನೆಯ ಕೋಣೆಗೆ ಹೋಗಿ, ಯೀಸ್ಟಿನ ಇನ್‌ಕ್ಯುಬೇಟರಿನ ಬಾಗಿಲು ತೆಗೆದು, ಕೆಳಗಿನ ಹಲಗೆಯ ಹಿಂದೆ ಗಂಟನ್ನು ತುರುಕಿದಳು. ಕದ್ದದ್ದನ್ನು ಬಚ್ಚಿಡುವವಳ ಅವಸರ. ಆ ಪೆಟ್ಟಿಗೆಯನ್ನು ಅವಳಲ್ಲದೆ ಬೇರೆ ಯಾರೂ ಬಳಸುತ್ತಿರಲಿಲ್ಲ. ಬಾಗಿಲು ಮುಚ್ಚಿದ್ದೇ, ಅವ್ವನ ಕೆಲಸ ಮುಗಿಯಿತು, ಇನ್ನು ನನ್ನ ಕೆಲಸ ಎಂದು ಮನಸ್ಸು ಒರೆಸಿಕೊಂಡಿತು.

ಲ್ಯಾಬ್ ಇದ್ದ ಗುಡ್ಡದ ಮೇಲೆ ಬಸ್ಸು ಇಳಿದಾಗ ಕೇಶಪ್ಪ ಗೇಟಿನ ಹತ್ತಿರವೇ ಸಿಕ್ಕ. ಮುಂಡರಗಿ ಕಡೆಯವನು, ಇಲ್ಲಿಗೆ ಬಂದು ತಲೆ ನೆರೆದಿತ್ತು. ನಾಲ್ಕು ಜನರೆದುರು ಅವಳನ್ನು 'ಬಾಯಾರ' ಎನ್ನುತ್ತಿದ್ದ, ಇಬ್ಬರೇ ಇದ್ದಾಗ 'ತಂಗಿ'.

"ಯಾಕ ತಂಗಿ, ಮಾರಿ ಸಣ್ಣ ಮಾಡಿ? ಮೂಗು ಇನ್ನೂ ಬಿಟ್ಟಿಲ್ಲೇನು?"

"ಇಲ್ಲ ಕಾಕಾ."

"ಮ್ಯಾಡಮ್ಮಾರು ಲಗೂನ ಬಂದಾರ ಇವತ್ತ. ನಿನ್ನ ಖೋಲಿಗೇ ಹೋಗ್ಯಾರ ನೋಡು, ಪ್ಲೇಟ್ ತಾನ ನೋಡತೀನಿ ಅಂತ."

ಪೆನ್ ಡ್ರೈವಿನ ಲೆಕ್ಕವೆಲ್ಲ ಆ ಒಂದು ಮಾತಿಗೆ ಮುಗಿದಿತ್ತು. ಅಯ್ಯೋ ಎನಿಸಿತು, ಜೊತೆಗೇ ಸದ್ಯ ಎಂದೂ ಅನಿಸಿತು. ಮಾಡಲಿದ್ದ ತಪ್ಪಿನಿಂದ ಬೇರೆಯವರು ಬಿಡಿಸಿದಾಗ ಆಗುವ ಸಮಾಧಾನ, ಅದರಲ್ಲಿ ಹೆಮ್ಮೆಪಡುವಂಥದ್ದು ಏನೂ ಇರುವುದಿಲ್ಲ. ಕಾರಿಡಾರಿನಲ್ಲಿ ನಡೆಯುತ್ತ ಬಾಯಿಂದ ಉಸಿರೆಳೆದು, ಮ್ಯಾಡಮ್, ಸತ್ತಿವೆ, ಯಾಕೆಂದು ಗೊತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳುವ ವಾಕ್ಯವನ್ನು ಜೋಡಿಸಿಕೊಂಡಳು. ಅವಳ ಇಂಗ್ಲಿಷು ಪುಸ್ತಕದ್ದು. ಗಾಬರಿಯಾದಾಗ ವ್ಯಾಕರಣ ಸರಿಯಿದ್ದು ಧ್ವನಿ ಮಾತ್ರ ಹುಟ್ಟೂರು ಬಾಗಲಕೋಟೆಗೆ ಹೋಗಿಬಿಡುತ್ತಿತ್ತು. ಒಮ್ಮೆ ಹೀಗಾದಾಗ ಯಾರೋ ಹಿಂದಿನಿಂದ ನಕ್ಕಿದ್ದರು. ಯಾರೆಂದು ತಿರುಗಿ ನೋಡದೆ ಇದ್ದುದರಿಂದ ಎಲ್ಲರೂ ನಕ್ಕಿದ್ದರೆಂದೇ ಅವಳ ನೆನಪಿನಲ್ಲಿ ಉಳಿದಿತ್ತು.

ಡಾ. ಸುಲಕ್ಷಾ ಪ್ರಭುದೇಸಾಯಿ ಇನ್‌ಕ್ಯುಬೇಟರಿನ ಬಾಗಿಲು ತೆರೆದು, ಒಂದು ಹೆಜ್ಜೆ ಹಿಂದೆ ನಿಂತಿದ್ದರು. ಪಕ್ಕದಲ್ಲಿ ಬ್ರಿಜಿಟ್. ಕೇಶಪ್ಪನೂ ಅಂಬಿಕಾಳ ಹಿಂದೆಯೇ ಬಂದ.

"ಇದೇನಿದು, ದೇವಸ್ಥಾನದ ವಾಸನೆ," ಎಂದರು ಮ್ಯಾಡಮ್. ಸಿಟ್ಟಿಗಿಂತ ಅಚ್ಚರಿಯೇ ಇತ್ತು. ಬಾಗಿ, ಕೆಳಗಿನ ಹಲಗೆ ಎಳೆದು, ಹಿಂದೆ ಕೈಹಾಕಿ ಕೆಂಪು ಗಂಟನ್ನು ಹೊರಗೆಳೆದರು. ಗಂಟು ಅರ್ಧಕ್ಕರ್ಧ ಸೊರಗಿತ್ತು. ಒಳಗಿನ ಕರ್ಪೂರವೆಲ್ಲ ಇಷ್ಟು ದಿನ ಆ ಬೆಚ್ಚನೆಯ ಗಾಳಿಯಲ್ಲಿ ಕರಗಿ ಪ್ಲೇಟುಗಳ ಮೇಲೆ ಸುಳಿದಾಡಿದೆ ಎಂದು ನೋಡಿದ ಕೂಡಲೇ ಅಂಬಿಕಾಳಿಗೆ ತಿಳಿದುಹೋಯಿತು. ಅವಳು ನೀರನ್ನು ಸಂಶಯಿಸಿದ್ದಳು, ಸಕ್ಕರೆಯನ್ನು, ತನ್ನ ಕೈಯನ್ನು, ಎರಡು ವರ್ಷದ ದುಡಿಮೆಯನ್ನು, ಸುಳ್ಳು ಹೇಳಿರಬಹುದೆಂದು ಆ ಬಡಪಾಯಿ ಪ್ರೋಟೀನನ್ನು ಕೂಡ. ಗಂಟು ಮಾತ್ರ ನೆನಪಿಗೆ ಬಂದಿರಲಿಲ್ಲ. ಅದು ಲ್ಯಾಬಿನ ವಸ್ತುವಲ್ಲ, ಮನೆಯದು. ಮನೆಯದು ಯಾವತ್ತು ಇಲ್ಲಿ ಲೆಕ್ಕಕ್ಕೆ ಬಂದಿತ್ತು? ಮೊದಲು ಬಂದದ್ದು ನಗು. ಹೊಟ್ಟೆಯ ಆಳದಿಂದ ಎದ್ದು ಗಂಟಲಿಗೆ ಬಂದು, ಕಟ್ಟಿದ ಮೂಗಿಗೆ ಡಿಕ್ಕಿ ಹೊಡೆದು ಕೆಮ್ಮಾಯಿತು. ನನ್ನ ಕೈಯಲ್ಲ, ಇದು, ಈ ಗಂಟು. ಎದೆಯ ಮೇಲೆ ಕೂತಿದ್ದ ಕಲ್ಲು ಎದ್ದು ಹೋಗುತ್ತಿರುವಾಗಲೇ ಮ್ಯಾಡಮ್ ಗಂಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಸೆರಗಿನ ತುದಿಯಲ್ಲಿ ಅವ್ವ ಹೊಲಿದಿದ್ದ ತೇಪೆ ಕಾಣುತ್ತಿತ್ತು.

"ಕೇಶಪ್ಪ, ಎಷ್ಟು ಸಲ ಹೇಳಿದ್ದೇನೆ, ಪೂಜೆ ಏನಿದ್ದರೂ ಯಂತ್ರದ ಹೊರಗೆ ಎಂದು?" ಮ್ಯಾಡಮ್ ಕೊಂಕಣಿಯಲ್ಲಿ ಕೇಳಿದರು.

ಕೇಶಪ್ಪನೂ ತನಗೆ ಬಂದ ಕೊಂಕಣಿಯಲ್ಲೇ ಉತ್ತರಿಸಿದ. "ನಾನು ಹೂವಷ್ಟೇ ಇಟ್ಟಿದ್ದು ಬಾಯಿ. ಇದು ನನ್ನದಲ್ಲ." ಗಂಟನ್ನು ನೋಡಿದ, ಅದರ ಅರಿಶಿನದ ಕಲೆ ನೋಡಿದ, ಅಂಬಿಕಾಳನ್ನು ನೋಡಲಿಲ್ಲ. ನೋಡದೆ ಇದ್ದುದರಿಂದಲೇ ಅವನಿಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಯಿತು. ಮತ್ತೊಂದು ಬೆನ್ನು ತಿರುಗುತ್ತಿತ್ತು.

"ಮತ್ತೆ ಯಾರದು, ಇನ್‌ಕ್ಯುಬೇಟರಿನದೇ?" ಮ್ಯಾಡಮ್ ಅವಳ ಕಡೆ ತಿರುಗಿ ಇಂಗ್ಲಿಷಿಗೆ ಬಂದರು. "ಅಂಬಿಕಾ, ಇದು ಇಲ್ಲಿರುವುದು ನಿನಗೆ ಗೊತ್ತಿತ್ತೇ?"

"ಇಲ್ಲ ಮ್ಯಾಡಮ್."

ಯೋಚಿಸಿ ಹೇಳಿದ್ದಲ್ಲ. ಬಿಸಿ ಮುಟ್ಟಿದಾಗ ಕೈ ಹಿಂದೆ ಬರುವ ಹಾಗೆ ಬಂದದ್ದು. ಬ್ರಿಜಿಟ್ ಆ ಸೀರೆಯ ತುಂಡನ್ನು ನೋಡುತ್ತಿದ್ದಳು, ಅಷ್ಟೇ. ಅವಳ ಮುಖದಲ್ಲಿ ನಗುವೂ ಇರಲಿಲ್ಲ, ಏನೂ ಇರಲಿಲ್ಲ. ಆದರೂ ಆ ನೋಟದ ಕೆಳಗೆ ಅವ್ವನ ತೇಪೆ ದೊಡ್ಡದಾಗುತ್ತ ಹೋಯಿತು. ತಪ್ಪು ಕೇಶಪ್ಪನ ಮೇಲೆ ಹೋಗಲಿ ಎಂದು ಅವಳು ಬಯಸಲಿಲ್ಲ, ಹೋದರೆ ತಡೆಯಲೂ ಇಲ್ಲ. ವಯಸ್ಸಾದವನು, ಒಂದು ಬೈಗುಳ ತಿಂದರೆ ಏನಾಯಿತು ಎಂಬ ಲೆಕ್ಕ ಅವಳಿಗೆ ತಿಳಿಯದೆಯೇ ಒಳಗೆಲ್ಲೋ ನಡೆದುಹೋಗಿತ್ತು.

ಮ್ಯಾಡಮ್ ಗಂಟನ್ನು ತಿರುಗಿಸಿ ಮೂಸಿದರು. ನಿಟ್ಟುಸಿರಿಟ್ಟು, ತಮ್ಮಷ್ಟಕ್ಕೆ ಎನ್ನುವಂತೆ ಹೇಳಿದರು: "ಯಾವ ವರ್ಷದ ನವಮಿಯದೋ ಯಾರಿಗೆ ಗೊತ್ತು. ಇದು ಮಳೆಗಾಲದಲ್ಲೂ ಇಲ್ಲೇ ಇದ್ದರೆ ನಿನ್ನ ಹಳೆಯ ಎರಡು ಪ್ರಯೋಗವನ್ನೂ ನಂಬುವ ಹಾಗಿಲ್ಲ, ಅಂಬಿಕಾ. ಎಲ್ಲ ಮೊದಲಿನಿಂದ ಮಾಡಬೇಕು."

"ಈ ವರ್ಷದ್ದೇ ಮ್ಯಾಡಮ್. ಮಳೆಗಾಲದಲ್ಲಿ ಇರಲಿಲ್ಲ."

"ನಿನಗೆ ಹೇಗೆ ಗೊತ್ತು?"

"ನಾನೇ ಇಟ್ಟದ್ದು," ಎಂದಳು. ಧ್ವನಿ ಬಾಗಲಕೋಟೆಗೆ ಹೋಗಿತ್ತು, ಹೋಗಲಿ ಎಂದು ಬಿಟ್ಟಳು. "ನನ್ನ ಅವ್ವ ಕೊಟ್ಟದ್ದು. ನಮ್ಮಲ್ಲಿ ದುಡಿಯುವ ಹತ್ಯಾರಕ್ಕೆ ಪೂಜೆ ಮಾಡುತ್ತಾರೆ. ಅಪ್ಪ ಗೌಂಡಿ, ಅವನ ಥಾಪಿಗೆ ಮಾಡಿದರು. ನನ್ನದು ಇದು ಎಂದು ಇದಕ್ಕೆ."

ಮ್ಯಾಡಮ್ ಕನ್ನಡಕ ಹಣೆಗೇರಿಸಿದರು, ಪ್ಲೇಟು ನೋಡುವಾಗ ಮಾಡುವಂತೆ. "ಎರಡು ನಿಮಿಷದ ಹಿಂದೆ ಗೊತ್ತಿಲ್ಲ ಎಂದೆ," ಎಂದರು. ಅಂಬಿಕಾ ಹೌದೆಂದು ತಲೆಯಾಡಿಸಿದಳು. "ಅದು ಈ ಕರ್ಪೂರಕ್ಕಿಂತ ಕೆಟ್ಟದ್ದು, ತಿಳಿಯಿತೇ?" ಎಂದ ಅವರು ಬೇರೆ ಧ್ವನಿಯಲ್ಲಿ ಮುಂದುವರಿದರು. "ನಮ್ಮ ಮನೆಯಲ್ಲೂ ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಿರಲೆಂದು ಕಪಾಟಿನಲ್ಲಿ ಕರ್ಪೂರ ಇಡುತ್ತೇವೆ. ನಿನ್ನ ಯೀಸ್ಟೂ ಬೂಷ್ಟಿನ ದಾಯಾದಿಯೇ ತಾನೇ. ಆದರೆ ಇದರಿಂದಲೇ ಸತ್ತವು ಎಂದು ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಈ ಪೆಟ್ಟಿಗೆ ಒರೆಸಿ, ಬಾಗಿಲು ತೆರೆದಿಟ್ಟು ಗಾಳಿಯಾಡಿಸು. ಹೊಸ ಪ್ಲೇಟು ಹಾಕು. ಅದೇ ಪ್ಲೇಟಿನ ಇನ್ನೊಂದು ಜೊತೆಯನ್ನು ಬೇರೆ ಕೋಣೆಯಲ್ಲಿ ಮುಚ್ಚಿದ ಡಬ್ಬಿಯೊಳಗೆ ಈ ಗಂಟಿನ ಜೊತೆ ಇಡು. ಆಮೇಲೆ ಮಾತಾಡೋಣ." ಹೋಗುವಾಗ ಕೇಶಪ್ಪನ ಎದುರು ನಿಂತು, ಸುಮ್ಮನೆ ನಿನ್ನನ್ನು ಅಂದೆ ಎಂದು ಕೊಂಕಣಿಯಲ್ಲಿ ಹೇಳಿದರು.

ಆ ಮಧ್ಯಾಹ್ನ ಸ್ಪಿರಿಟ್ ಹಚ್ಚಿ ಪೆಟ್ಟಿಗೆ ಒರೆಸುತ್ತಿದ್ದಾಗ ಕೇಶಪ್ಪ ಬಂದು ಬಾಗಿಲಲ್ಲಿ ನಿಂತ. ಇಬ್ಬರೇ ಇದ್ದರು.

"ತಂಗಿ, ನನ್ನ ಮ್ಯಾಲ ಬರೂದನ್ನ ನೀ ತಪ್ಪಸಿದಿ. ಭಾಳ ಮಂದಿ ಹಂಗ ಮಾಡಂಗಿಲ್ಲ."

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. ನಿನಗೋಸ್ಕರ ಅಲ್ಲ ಕಾಕಾ, ನನ್ನ ಹಳೆಯ ಪ್ಲೇಟುಗಳಿಗೋಸ್ಕರ ಬಾಯಿಬಿಟ್ಟೆ, ಅವು ಉಳಿಯುತ್ತಿದ್ದರೆ ನಿನ್ನನ್ನು ಬೈಸಿ ಸುಮ್ಮನಿರುತ್ತಿದ್ದೆ. ಮಾತು ನಾಲಿಗೆಯ ತುದಿಗೆ ಬಂತು. "ನೀ ಗಂಟು ನೋಡಿದ ಕೂಡಲೇ ತಿಳದಿದ್ದಿ ಹೌದಲ್ಲ, ಕಾಕಾ?" ಎಂದಷ್ಟೇ ಕೇಳಿದಳು.

"ಭಂಡಾರ ಯಾರಿಗಿ ತಿಳಿಯಂಗಿಲ್ಲ? ನಮ್ಮ ಮನ್ಯಾಗೂ ಐತಿ." ಅವನು ಬಾಯೊಳಗಿನ ತಂಬಾಕನ್ನು ಒಂದು ಕಡೆಗೆ ಒತ್ತಿಕೊಂಡ. "ನಾ ಹೇಳತಿದ್ದಿಲ್ಲ ಬಿಡು. ನೀ ಹೇಳಿದ್ದು ಚಲೋ ಆತು." ಅವನು ಹೋದ ಮೇಲೆ, ಅರ್ಹತೆಯಿಲ್ಲದೆ ಸಿಕ್ಕ ಒಳ್ಳೆಯ ಮಾತು ಎಷ್ಟು ಹೊತ್ತು ಕುಟುಕುತ್ತದೆ ಎಂದು ಅವಳಿಗೆ ತಿಳಿಯಿತು.

ಕಾಯುವ ದಿನಗಳು ಬಂದವು. ಅವು ಎಲ್ಲರಿಗೂ ಗೊತ್ತಿರುವಂಥವೇ. ಬಸ್ಸು, ಊಟದ ಡಬ್ಬಿ, ಬೇರೆಯವರ ಕೆಲಸಕ್ಕೆ ಕೈ ಹಾಕುವುದು, ಏನೂ ಆಗಿಲ್ಲವೆಂಬಂತೆ ಇರುವುದು. ಬ್ರಿಜಿಟ್ ಒಮ್ಮೆ ಚಹಾ ಕುಡಿಯುತ್ತ, ತನ್ನ ತಾಯಿ ಪರೀಕ್ಷೆಯ ದಿನಗಳಲ್ಲಿ ಇಗರ್ಜಿಯ ತೀರ್ಥವನ್ನು ತನ್ನ ಪೆನ್ನಿಗೆ ಚಿಮುಕಿಸುತ್ತಿದ್ದಳೆಂದೂ, ಒಂದು ಸಲ ಮಸಿಯೆಲ್ಲ ತೆಳ್ಳಗಾಗಿ ಉತ್ತರವೇ ಓದಲಾಗಲಿಲ್ಲವೆಂದೂ ಹೇಳಿದಳು. ಅಂಬಿಕಾ ನಕ್ಕಳು. ನಕ್ಕ ಮೇಲೆ, ಇವಳ ಮುಖದಲ್ಲಿ ಅವತ್ತು ಏನೂ ಇರಲಿಲ್ಲವಲ್ಲ, ನಾನೇ ಅಲ್ಲವೇ ಅಲ್ಲಿ ಅಷ್ಟೆಲ್ಲ ಬರೆದುಕೊಂಡದ್ದು ಎನಿಸಿತು. ಮೂಗು ಸ್ವಲ್ಪ ಸ್ವಲ್ಪ ಬಿಡುತ್ತಿತ್ತು.

ಪ್ಲೇಟು ತೆಗೆಯುವ ದಿನ ಅವಳು ಮ್ಯಾಡಮ್ಮಿಗಾಗಿ ಕಾಯಲಿಲ್ಲ, ಕಾಯಲು ಆಗಲಿಲ್ಲ. ಮೊದಲು ಡಬ್ಬಿಯದನ್ನು ತೆರೆದಳು. ಕರ್ಪೂರದ ವಾಸನೆ ರಪ್ಪನೆ ಮುಖಕ್ಕೆ ಬಡಿಯಿತು; ಇಷ್ಟು ದಿನದ ನಂತರ ಮೂಗಿಗೆ ಬಂದ ಮೊದಲ ವಾಸನೆ ಅದು, ಮನೆಯ ಮೂಲೆಯ ವಾಸನೆ. ಪ್ಲೇಟು ಬೋಳು, ಎರಡೂ ಸಾಲು. ಆಮೇಲೆ ಇನ್‌ಕ್ಯುಬೇಟರಿನದು. ಬೆಳಕಿಗೆ ಹಿಡಿಯುವ ಮೊದಲು ಒಮ್ಮೆ ಕಣ್ಣು ಮುಚ್ಚಿದಳು, ಮುಚ್ಚಿದ್ದಕ್ಕೆ ನಾಚಿ ತೆರೆದಳು. ಮೇಲಿನ ಸಾಲು ಇತ್ತು. ದಪ್ಪ ಬೊಟ್ಟು, ಅದಕ್ಕಿಂತ ಸಣ್ಣದು, ಇನ್ನೂ ಸಣ್ಣದು, ಕೊನೆಗೆ ಸಾಸಿವೆಯಂಥ ಕಾಳುಗಳು, ಕೆನೆಬಣ್ಣದ, ಉಬ್ಬಿದ, ಜೀವ ತುಂಬಿದ ಸಾಲು. ಅದರ ಕೆಳಗೆ ವೈರಸ್ಸಿನ ಸಾಲಿನ ಜಾಗದಲ್ಲಿ ಒಂದು ಮಬ್ಬು ಕಲೆ, ಆಮೇಲೆ ಖಾಲಿ. ಗ್ಲೂಕೋಸಿನ ಪ್ಲೇಟಿನಲ್ಲಿ ಎರಡೂ ಸಾಲು ತುಂಬಿದ್ದವು. ಸಾಯಬೇಕಾದ್ದು ಸಾಯಬೇಕಾದಲ್ಲಿ ಮಾತ್ರ ಸತ್ತಿತ್ತು. ಅಂಬಿಕಾ ಪ್ಲೇಟನ್ನು ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕೂತಳು. ಸಂತೋಷವೆಂದರೆ ಕುಣಿಯುವಂಥದ್ದಿರಬೇಕೆಂದು ತಿಳಿದಿದ್ದಳು. ಇದು ಹೊತ್ತ ಕೊಡ ಇಳಿಸಿದ ಮೇಲೆ ಕುತ್ತಿಗೆಗೆ ಆಗುವಂಥದ್ದಾಗಿತ್ತು. ಮ್ಯಾಡಮ್ ಬಂದು ನೋಡಿದರು, ತಿರುಗಿಸಿ ನೋಡಿದರು, "ಬರೆಯಲು ಶುರುಮಾಡು, ಕರ್ಪೂರದ್ದನ್ನೂ ಸೇರಿಸಿ ಬರೆ," ಎಂದರು. ಚೀಲದ ತಳದ ಪೆನ್ ಡ್ರೈವಿನ ನೆನಪು ಅವಳಿಗೆ ಆಗಲೇ ಇಲ್ಲ.

ಗಂಟನ್ನು ಎಸೆಯುವಂತಿರಲಿಲ್ಲ, ಹಾಗೆಯೇ ಹೊರಗೊಯ್ಯುವಂತೆಯೂ ಇರಲಿಲ್ಲ. ಆ ಕೋಣೆಯಿಂದ ಹೊರಬೀಳುವುದೆಲ್ಲ ಹಬೆಯ ಪಾತ್ರೆಯಲ್ಲಿ ಬೆಂದೇ ಹೋಗಬೇಕೆಂಬುದು ನಿಯಮ. ಕೇಶಪ್ಪ ಅದನ್ನು ಕೊಳಕು ಪ್ಲೇಟುಗಳ ಜೊತೆ ಸೇರಿಸದೆ, ಬೇರೆಯಾಗಿ, ಒಂದೇ ಒಂದನ್ನು ಇಟ್ಟು ಬೇಯಿಸಿದ. ಇಡೀ ಕಾರಿಡಾರು ಆರತಿಯ ಹೊತ್ತಿನಂತೆ ಘಮಘಮಿಸಿತು, ಅಕೌಂಟ್ಸಿನವರು ಹೊರಗೆ ಬಂದು ಯಾವ ಪೂಜೆ ಎಂದು ಕೇಳಿ ಹೋದರು.

ಸಂಜೆ ಮನೆಗೆ ಹೋದಾಗ ಅಪ್ಪ ಕೈಕಾಲು ತೊಳೆದು, ಚಹಾದಲ್ಲಿ ಪಾವು ಅದ್ದಿ ತಿನ್ನುತ್ತಿದ್ದ. ಅಂಬಿಕಾ ಅವನ ಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಅವನು ಏನೆಂದು ನೋಡಿ, ಉಳಿದ ಅರ್ಧ ಪಾವನ್ನು ಅವಳ ಕೈಗಿಟ್ಟ. ಅವ್ವನ ಮುಂದೆ ಅವಳು ಗಂಟನ್ನು ಇಟ್ಟಳು.

"ಇದ್ಯಾಕ ಹಿಂಗ ಆಗೇತಿ? ತೊಳದಿಯೇನ?" ಬಣ್ಣಗೆಟ್ಟು ಮುದುಡಿದ ತುಂಡನ್ನು ಅವ್ವ ಬೆಳಕಿಗೆ ಹಿಡಿದಳು.

"ಬೇಯಿಸ್ಯಾರ. ಯವ್ವ, ಸಿಟ್ಟಾಗಬ್ಯಾಡ. ಇದರಾಗಿನ ಕರ್ಪೂರಕ್ಕ ನನ್ನ ಜೀವ ಎಲ್ಲಾ ಸತ್ತುವು."

ಅವ್ವ ಸಿಟ್ಟಾಗಲಿಲ್ಲ. ಅವಳ ಮುಖ ಅರಳಿತು. "ಸತ್ತುವಾ? ಎಲ್ಲಾ?" ಎಂದಳು. "ನೋಡು ಮತ್ತ. ಅದಕ್ಕ ಕರ್ಪೂರ ಇನ್ನೊಂದು ಹಿಡಿ ಹೆಚ್ಚಿಗಿ ಹಾಕಿದ್ದೆ. ಒಂದೂ ಉಳಿಬಾರದು, ಎಲ್ಲಾ ಸಾಯಲಿ, ನನ್ನ ಮಗಳ ಕೆಲಸ ಗೆಲ್ಲಲಿ ಅಂತ ಎಲ್ಲಮ್ಮಗ ಬೇಡಕೊಂಡಿದ್ದೆ. ನೀನ ಹೇಳಿದ್ದಿಯಲ್ಲ, ಸತ್ತರ ಗೆದ್ದಂಗ ಅಂತ?"

ಅಂಬಿಕಾ ಪಾವು ಹಿಡಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ನಗು ಮೊದಲು ಬಂತೋ ಅಳು ಮೊದಲು ಬಂತೋ, ಎರಡೂ ಒಂದೇ ದಾರಿಯಲ್ಲಿ ಬಂದವು, ಬಿಟ್ಟ ಮೂಗು ಮತ್ತೆ ಕಟ್ಟಿತು. ಅಪ್ಪ ಗಾಬರಿಯಾಗಿ ಬೆನ್ನು ಸವರತೊಡಗಿದ, ಸಿಮೆಂಟಿಗೆ ಒಡೆದ ಅವನ ಅಂಗೈ ಕುರ್ತಾದ ಬಟ್ಟೆಗೆ ಪರಪರ ತಾಗುತ್ತಿತ್ತು. "ಎಲ್ಲಾ ಸಾಯಬಾರದು ಯವ್ವ," ಎಂದಳು, ಉಸಿರು ಸಿಕ್ಕಾಗ. "ಒಂದು ಸಾಲು ಸಾಯಬೇಕು, ಒಂದು ಸಾಲು ಬದುಕಬೇಕು. ನಾ ನಿನಗ ಅದನ್ನ ಹೇಳಲಿಲ್ಲ."

ಅವ್ವ ತುಂಡನ್ನು ಮಡಿಲಲ್ಲಿ ಇಟ್ಟುಕೊಂಡು, ಒಲೆಯ ಕಡೆಗಿದ್ದ ಮುಖವನ್ನು ಪೂರ್ತಿ ಮಗಳ ಕಡೆ ತಿರುಗಿಸಿ, ಕಾಲು ಮಡಿಚಿ ಸರಿಯಾಗಿ ಕೂತಳು.

"ಹಂಗಾರ ಈಗ ಹೇಳು," ಎಂದಳು. "ಯಾವು ಸಾಯಬೇಕು, ಯಾವು ಬದುಕಬೇಕು, ಬಿಡಿಸಿ ಹೇಳು. ಬರೂ ವರ್ಷ ಹಂಗ ಬೇಡಕೋತೀನಿ."